ಖಳನ ಸರದಿ

1997ರ ಆಗಸ್ಟ್ ತಿಂಗಳ ಒಂದು ದಿನ, ಬ್ರಿಟಾನಿಯಾ ರಾಜ್ಯದ ದೊರೆ ಲಾರ್ಡ್ ಬ್ರಿಟಿಷ್ ತನ್ನ ಪ್ರಜೆಗಳ ಎದುರಿಗೇ ಕೊಲೆಯಾಗಿ ಹೋದ. ಕೊಂದವನು ಗುಂಪಿನಲ್ಲಿ ಸೇರಿಕೊಂಡಿದ್ದ ರೇಂಜ್ ಎಂಬ ಹೆಸರಿನ ಒಬ್ಬ ಕಳ್ಳ. ಬೆಂಕಿ ಎಬ್ಬಿಸುವ ಮಂತ್ರದ ಸುರುಳಿಯೊಂದನ್ನು ಯಾರದೋ ಚೀಲದಿಂದ ಎಗರಿಸಿ ಇಟ್ಟುಕೊಂಡಿದ್ದ. ದೊರೆಯ ಕಾಲಬುಡಕ್ಕೇ ಅದನ್ನು ಪ್ರಯೋಗಿಸಿದ. ಯಾರಿಂದಲೂ ಸಾಯದವನೆಂದು ಹೆಸರಾಗಿದ್ದ ದೊರೆ ಸತ್ತು ನೆಲಕ್ಕೆ ಬಿದ್ದ.

ಬ್ರಿಟಾನಿಯಾವನ್ನು ಭೂಪಟದಲ್ಲಿ ಹುಡುಕಬೇಡಿ. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಆಸ್ಟಿನ್ ಊರಿನ ಒರಿಜಿನ್ ಸಿಸ್ಟಮ್ಸ್ ಎಂಬ ಕಂಪನಿ ‘ಅಲ್ಟಿಮಾ ಆನ್‌ಲೈನ್’ ಎಂಬ ಕಂಪ್ಯೂಟರ್ ಆಟ ತಯಾರಿಸಿತು. ಅದರೊಳಗಿನ ರಾಜ್ಯ ಇದು. ದೂರದೂರದ ಊರುಗಳಲ್ಲಿ ಕುಳಿತ ಸಾವಿರಾರು ಜನ ಟೆಲಿಫೋನ್ ತಂತಿಯ ಮೂಲಕ ಒಂದೇ ಲೋಕವನ್ನು ಹೊಕ್ಕು, ಒಬ್ಬ ಕಮ್ಮಾರನಾಗಿ, ಒಬ್ಬ ವೀರನಾಗಿ, ಇನ್ನೊಬ್ಬ ದಾರಿಗಳ್ಳನಾಗಿ ಬದುಕುವ ಆಟ. ದೊರೆಯ ಪಾತ್ರದಲ್ಲಿದ್ದವನು ಆಟವನ್ನು ಕಟ್ಟಿದ ರಿಚರ್ಡ್ ಗ್ಯಾರಿಯಟ್. ಆಟ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ನಡುವೆ ಯಂತ್ರ ಒಮ್ಮೆ ನಿಂತು ಮತ್ತೆ ಶುರುವಾಗಿತ್ತು. ತನ್ನ ಅಮರತ್ವದ ಗುಂಡಿಯನ್ನು ಮತ್ತೆ ಒತ್ತಲು ದೊರೆ ಮರೆತಿದ್ದ, ಅಷ್ಟೆ.

ನನಗೆ ಹೆಚ್ಚು ಸ್ವಾರಸ್ಯ ಅನ್ನಿಸುವುದು ಕೊಲೆಯಲ್ಲ, ಆಮೇಲೆ ಆದದ್ದು. ಸಿಟ್ಟಿಗೆದ್ದ ಆಟದ ಅಧಿಕಾರಿಗಳು ಆ ಜಾಗಕ್ಕೆ ಭೂತಗಳನ್ನು ಕರೆಸಿ ಬಿಟ್ಟರು. ಅವು ಅಲ್ಲಿ ನಿಂತಿದ್ದ ನಿರಪರಾಧಿ ಪ್ರಜೆಗಳನ್ನು ಸಿಕ್ಕಸಿಕ್ಕಲ್ಲಿ ಕೊಂದವು. ಮುಂದೆ ರೇಂಜ್‌ನ ಖಾತೆ ರದ್ದಾಯಿತು. ಹಿಂದೆ ಆತ ಆಟದ ದೋಷಗಳನ್ನು ದುರುಪಯೋಗ ಮಾಡಿಕೊಂಡಿದ್ದನೆಂದೂ ಕೊಲೆಗೂ ಅದಕ್ಕೂ ಸಂಬಂಧವಿಲ್ಲವೆಂದೂ ಕಂಪನಿ ಹೇಳಿತು. ನಂಬಿದವರು ಕಡಿಮೆ. ಕಳ್ಳನಾಗಿ ಬಂದವನು ಕಳ್ಳನ ಕೆಲಸ ಮಾಡಿದ. ದೊರೆಯ ಕಡೆಯವರು ದೇವರ ಕೈಯಲ್ಲಿರಬೇಕಾದ ಶಕ್ತಿಯನ್ನು ಪ್ರಜೆಗಳ ಮೇಲೆ ಚೆಲ್ಲಿದರು. ಆ ದಿನ ಅನ್ಯಾಯವಾಗಿ ಆಡಿದವರು ಯಾರು?

ನಾನು ಇಂಥ ಆಟಗಳನ್ನು ಆಡಿದವನಲ್ಲ. ಆಡಿದವರ ಕಥೆಗಳನ್ನು ಓದುವ ಚಟ ಹತ್ತಿಸಿಕೊಂಡವನು. ಸುಮಾರು ಐವತ್ತು ವರ್ಷಗಳ ಈ ಚರಿತ್ರೆಯಲ್ಲಿ ನಾಯಕರೂ ಖಳರೂ ಒಬ್ಬರ ಮುಖ ಒಬ್ಬರು ನೋಡದೆ, ಹೊಡೆದಾಡುವುದಕ್ಕೂ ಒಂದು ನ್ಯಾಯವನ್ನು ಹೇಗೆ ಕಟ್ಟಿಕೊಂಡರು, ಅದನ್ನು ಯಾರು ಯಾರು ಹೇಗೆ ಮುರಿದರು ಎಂಬುದು ನನಗೆ ರಾಜಮಹಾರಾಜರ ಇತಿಹಾಸಕ್ಕಿಂತ ಕಡಿಮೆ ರುಚಿಯದಾಗಿ ಕಂಡಿಲ್ಲ.

ಈ ಸಮಸ್ಯೆ ಕಂಪ್ಯೂಟರಿಗಿಂತ ಹಳೆಯದು. ಕಳ್ಳ-ಪೊಲೀಸ್ ಆಡುವ ಮಕ್ಕಳನ್ನು ನೋಡಿ. ಬೆರಳನ್ನು ಪಿಸ್ತೂಲು ಮಾಡಿಕೊಂಡ ಪೊಲೀಸ್ ‘ಢಂ, ನೀನು ಸತ್ತೆ’ ಎನ್ನುತ್ತಾನೆ. ಕಳ್ಳ ‘ಹೋಗೋ, ನಂಗೆ ತಾಗಲೇ ಇಲ್ಲ’ ಎನ್ನುತ್ತಾನೆ. ಗುಂಡಿಲ್ಲದ ಊರಿನಲ್ಲಿ ಗುಂಡು ತಾಗಿತೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಯಾವಾಗಲೂ ‘ತಾಗಲಿಲ್ಲ’ ಎನ್ನುವ ಕಳ್ಳನನ್ನು ಮಕ್ಕಳು ಎರಡು ದಿನ ಸಹಿಸಿಕೊಂಡು ಮೂರನೆಯ ದಿನ ಆಟಕ್ಕೆ ಕರೆಯುವುದಿಲ್ಲ. ಯಾವಾಗಲೂ ‘ನೀನು ಸತ್ತೆ’ ಎನ್ನುವ ಪೊಲೀಸನಿಗೂ ಅದೇ ಗತಿ.

ಕಂಪ್ಯೂಟರಿನೊಳಗೆ ಇದು ಶುರುವಾದದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಹಲವರು ಒಟ್ಟಿಗೆ ಹೊಕ್ಕು ಅಲೆಯಬಹುದಾದ ಒಂದು ಅಕ್ಷರಲೋಕವನ್ನು ಬರೆದ. 1980ರಲ್ಲಿ ಅದನ್ನು ವಹಿಸಿಕೊಂಡು ಪೂರೈಸಿದವನು ಅವನ ಸಹಪಾಠಿ ರಿಚರ್ಡ್ ಬಾರ್ಟಲ್. ಅದರ ಹೆಸರು ಮಡ್. ಚಿತ್ರವಿಲ್ಲ, ಸದ್ದಿಲ್ಲ, ‘ನೀನು ಒಂದು ಕಿರಿದಾದ ದಾರಿಯಲ್ಲಿ ನಿಂತಿದ್ದೀಯೆ’ ಎಂಬಂಥ ವಾಕ್ಯಗಳೇ ಲೋಕ. ಅಲ್ಲಿ ಒಬ್ಬರು ಇನ್ನೊಬ್ಬರನ್ನು ಕೊಲ್ಲಬಹುದಿತ್ತು. ಕಾದಾಡಿ ಸತ್ತರೆ ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಅಳಿಸಿಯೇ ಹೋಗುತ್ತಿತ್ತು. ಇಷ್ಟು ನಿಷ್ಠುರವಾದ ಲೋಕಕ್ಕೂ ಜನ ಹಗಲಿರುಳೆನ್ನದೆ ಬಂದರು.

ಬಾರ್ಟಲ್ ಮುಂದೆ, 1996ರಲ್ಲಿ, ಇಸ್ಪೀಟಿನ ನಾಲ್ಕು ಬಣ್ಣಗಳ ಹೆಸರು ಕೊಟ್ಟು ಆಟಗಾರರನ್ನು ನಾಲ್ಕು ಜಾತಿ ಮಾಡಿದ: ಗಳಿಸುವವರು, ಹುಡುಕಾಡುವವರು, ಹರಟುವವರು, ಕೊಲ್ಲುವವರು. ಇಂಥ ವಿಂಗಡಣೆಗಳಲ್ಲಿ ನನಗೆ ಹೆಚ್ಚು ಭಕ್ತಿಯಿಲ್ಲ. ಆದರೆ ಅವನ ಒಂದು ಮಾತು ಗಟ್ಟಿಯಾದದ್ದು. ಈ ನಾಲ್ವರೂ ಒಬ್ಬರಿಗೊಬ್ಬರು ಆಹಾರ. ಕೊಲೆಗಾರರು ಮಿತಿ ಮೀರಿದರೆ ಉಳಿದವರು ಊರು ಬಿಡುತ್ತಾರೆ, ಉಳಿದವರು ಊರು ಬಿಟ್ಟರೆ ಕೊಲೆಗಾರನಿಗೆ ಕೆಲಸವಿಲ್ಲ.

1986ರಲ್ಲಿ ಅಮೆರಿಕದ ಲ್ಯೂಕಸ್‌ಫಿಲ್ಮ್ ಕಂಪನಿಯವರು ‘ಹ್ಯಾಬಿಟಾಟ್’ ಎಂಬ ಲೋಕವನ್ನು ಪ್ರಯೋಗಕ್ಕೆ ತೆರೆದರು. ಕಮೋಡೋರ್ 64 ಎಂಬ ಪುಟ್ಟ ಯಂತ್ರದಲ್ಲಿ, ಬೊಂಬೆಗಳಂತೆ ಓಡಾಡುವ ಮನುಷ್ಯರು. ಕಟ್ಟಿದವರಾದ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್ ಈ ಅನುಭವವನ್ನು ಆಮೇಲೆ ಒಂದು ಪ್ರಬಂಧವಾಗಿ ಬರೆದರು. ಅದನ್ನು ಓದಿ ನಗದೆ ಇರಲಾಗುವುದಿಲ್ಲ. ಬಂದೂಕು ಕೊಟ್ಟರು, ಕೊಲೆ ಶುರುವಾಯಿತು. ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳಲು ಬಿಟ್ಟರು, ಕಳ್ಳತನ ಶುರುವಾಯಿತು. ನಿಜಜೀವನದಲ್ಲಿ ಗ್ರೀಕ್ ಆರ್ಥೊಡಾಕ್ಸ್ ಪಾದ್ರಿಯಾಗಿದ್ದ ಆಟಗಾರನೊಬ್ಬ ಅಲ್ಲಿಯೇ ಒಂದು ಚರ್ಚು ತೆರೆದು, ತನ್ನ ಶಿಷ್ಯರು ಆಯುಧ ಹಿಡಿಯಕೂಡದು, ಕದಿಯಕೂಡದು ಎಂದು ವ್ರತ ಹಾಕಿಸಿದ. ಜನ ತಾವೇ ಮತ ಹಾಕಿ ಒಬ್ಬ ಶೆರಿಫನನ್ನು ಆರಿಸಿಕೊಂಡರು. ಬೊಂಬೆಯನ್ನು ಕೊಲ್ಲುವುದು ಅಪರಾಧವೇ ಎಂಬ ಪ್ರಶ್ನೆಗೆ ಊರು ಎರಡು ಪಾಲಾಯಿತು. ಕೊನೆಗೆ ಒಂದು ರಾಜಿಯಾಯಿತು: ಊರೊಳಗೆ ಬಂದೂಕು ನಡೆಯುವುದಿಲ್ಲ, ಕಾಡಿನಲ್ಲಿ ಅವರವರ ಹಣೆಬರಹ.

ಅದೇ ಪ್ರಬಂಧದಲ್ಲಿ ಎರಡು ಕಳ್ಳತನಗಳ ಕಥೆ ಬರುತ್ತದೆ. ಮೊದಲನೆಯದರಲ್ಲಿ, ಅಧಿಕಾರಿಯೊಬ್ಬ ‘ಮೃತ್ಯು’ವಿನ ವೇಷದಲ್ಲಿ ಓಡಾಡುತ್ತಿದ್ದಾಗ ಆಟಗಾರನೊಬ್ಬ ಅವನನ್ನೇ ಹೊಡೆದುರುಳಿಸಿ ಒಂದೇ ಏಟಿಗೆ ಕೊಲ್ಲುವ ಅವನ ಬಂದೂಕನ್ನು ಕಸಿದುಕೊಂಡ. ಗಾಬರಿಗೊಂಡ ಅಧಿಕಾರಿ, ವಾಪಸು ಕೊಡದಿದ್ದರೆ ನಿನ್ನ ಸಂಪರ್ಕವನ್ನೇ ಕತ್ತರಿಸುತ್ತೇವೆ ಎಂದು ಬೆದರಿಸಿದ. ಬಂದೂಕು ಬಂತು, ಆಟದ ರಸ ಹೋಯಿತು. ಎರಡನೆಯ ಸಲವೂ ಅದೇ ಬಂದೂಕು ಕಳುವಾಯಿತು. ಈ ಸಲ ಅಧಿಕಾರಿಗಳು ಬುದ್ಧಿ ಕಲಿತಿದ್ದರು. ‘ಮೃತ್ಯು’ವಿನ ಪಾತ್ರದಲ್ಲಿಯೇ ಕಳ್ಳನಿಗೆ ಪತ್ರ ಬರೆದು, ಆಟದ ಹಣದಲ್ಲಿಯೇ ಬಿಡುಗಡೆಯ ಮೊತ್ತ ಗೊತ್ತುಮಾಡಿ, ಊರ ನಡುವೆ ಎಲ್ಲರೆದುರಿಗೆ ಕೊಟ್ಟು ತೆಗೆದುಕೊಂಡರು. ಊರಿಗೆ ಒಂದು ಜಾತ್ರೆಯೇ ಆಯಿತು. ಕಳ್ಳನನ್ನು ಕಳ್ಳನೆಂದೇ ಗೌರವಿಸಿದರೆ ಆಟ ಉಳಿಯುತ್ತದೆ. ಮುಖವಾಡದ ಹಿಂದಿರುವ ಗೃಹಸ್ಥನ ಕೊರಳಪಟ್ಟಿಗೆ ಕೈಹಾಕಿದರೆ ಆಟ ಅಲ್ಲಿಗೆ ಮುಗಿಯಿತು. ಮುಂದೆ ಬರುವ ಜಗಳಗಳಿಗೆಲ್ಲ ಈ ಎರಡು ಕಥೆಗಳ ಅಂತರವೇ ಕೀಲಿಕೈ ಎಂದು ನನ್ನ ಭಾವನೆ.

1990ರ ಆಚೀಚೆಗೆ ಅಂಕಗಳ ಗೊಡವೆಯನ್ನೇ ಬಿಟ್ಟು, ಬರೀ ಪಾತ್ರ ವಹಿಸಿ ಸರದಿಯ ಮೇಲೆ ಕಥೆ ಬರೆಯುತ್ತ ಹೋಗುವ ಗುಂಪುಗಳು ಹುಟ್ಟಿಕೊಂಡವು. ಇಲ್ಲಿ ಯಾರು ಗೆದ್ದರೆಂದು ಹೇಳಲು ಯಂತ್ರವೂ ಇಲ್ಲ. ಹಾಗಾಗಿ ಕಳ್ಳ-ಪೊಲೀಸರ ಹಳೆಯ ತಕರಾರು ಮತ್ತೆ ಬಂತು. ಈ ಜನ ಅದಕ್ಕೆ ಕಂಡುಕೊಂಡ ಪರಿಹಾರ ನನಗೆ ಬಹಳ ಸೊಗಸಾಗಿ ತೋರುತ್ತದೆ. ನೀನು ನಿನ್ನ ಕೈಯನ್ನು ಮಾತ್ರ ಬರೆಯಬೇಕು, ಎದುರಾಳಿಯ ಮೈಯನ್ನು ಬರೆಯಕೂಡದು. ‘ನಾನು ಅವನ ಕುತ್ತಿಗೆ ಕತ್ತರಿಸಿದೆ’ ಎಂದು ಬರೆಯುವಂತಿಲ್ಲ. ‘ಕುತ್ತಿಗೆಯತ್ತ ಕತ್ತಿ ಬೀಸಿದೆ’ ಎಂದು ಬರೆದು ನಿಲ್ಲಿಸಬೇಕು. ತಾಗಿತೋ, ತಪ್ಪಿಸಿಕೊಂಡೆನೋ, ತಾಗಿದರೆ ಎಷ್ಟು ರಕ್ತ ಬಂತೋ, ಅದನ್ನು ಬರೆಯುವ ಹಕ್ಕು ಎದುರಾಳಿಯದು. ಅವನೂ ಪ್ರತಿಸಲ ತಪ್ಪಿಸಿಕೊಳ್ಳುತ್ತ ಹೋದರೆ ನಗೆಪಾಟಲಾಗುತ್ತಾನೆ. ಈ ಮೇರೆ ದಾಟುವವರಿಗೆ ದೇವರಾಟ ಆಡುವವರು ಎಂಬರ್ಥದ ಬೈಗುಳವೇ ಇದೆ.

ಇದರಿಂದ ಹೆಚ್ಚು ಲಾಭವಾದದ್ದು ಖಳರಿಗೆ. ಕಥೆಯ ಕೊನೆಗೆ ತಾನು ಸೋಲಬೇಕು ಎಂಬುದು ಖಳನಾದವನಿಗೆ ಮೊದಲೇ ಗೊತ್ತು. ಅವನು ಕೇಳುವುದಿಷ್ಟೇ: ಅಲ್ಲಿಯವರೆಗೆ ನನ್ನ ಸರದಿಯನ್ನು ಪೂರ್ತಿ ಆಡಲು ಬಿಡಿ. ನಮ್ಮ ಬಯಲಾಟದಲ್ಲಿ ಬಣ್ಣದ ವೇಷದವನು ತೆರೆಯ ಹಿಂದೆ ಆರ್ಭಟಿಸುತ್ತಿರುವಾಗಲೇ ಭೀಮ ನುಗ್ಗಿ ಬಂದು ಗದೆ ಬೀಸಿದರೆ ಭಾಗವತರು ಏನೆಂದಾರು?

ಎದುರಾಳಿಯ ಮೈಯನ್ನು ಬರೆಯಬಾರದು ಎಂಬ ಕಟ್ಟಳೆ ಬರೀ ಸೊಗಸಿನ ಮಾತಲ್ಲ ಎಂದು ತೋರಿಸಿದ್ದು 1993ರ ಒಂದು ಕೆಟ್ಟ ಪ್ರಸಂಗ. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಕಂಪನಿಯ ಸಂಶೋಧನ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ನಡೆಸುತ್ತಿದ್ದ ಲ್ಯಾಂಬ್ಡಾಮೂ ಎಂಬ ಅಕ್ಷರಲೋಕದಲ್ಲಿ, ಮಿಸ್ಟರ್ ಬಂಗಲ್ ಎಂಬ ವೇಷದವನು ಮಾಟದ ಗೊಂಬೆಯೆಂಬ ಒಂದು ಪ್ರೋಗ್ರಾಮು ಬಳಸಿ ಇತರರ ಪಾತ್ರಗಳ ಹೆಸರಿನಲ್ಲಿ ತಾನೇ ವಾಕ್ಯಗಳನ್ನು ಬರೆದ. ಎಲ್ಲರ ಕಣ್ಣೆದುರಿಗೆ ಅವರು ಅಸಹ್ಯವಾದ ಲೈಂಗಿಕ ಹಿಂಸೆಗೆ ಒಳಗಾಗುತ್ತಿದ್ದಾರೆ ಎಂಬಂಥ ವಾಕ್ಯಗಳು. ಅವರವರ ಮನೆಗಳಲ್ಲಿ ಕುಳಿತಿದ್ದ ಹೆಂಗಸರು ತಮ್ಮ ಹೆಸರಿನ ಮುಂದೆ ಅವನ್ನು ಓದಬೇಕಾಯಿತು. ಮೈಗೆ ಏನೂ ಆಗಲಿಲ್ಲ. ಆದರೂ ಒಬ್ಬಾಕೆ ಬರೆಯುತ್ತ ಬರೆಯುತ್ತ ಅತ್ತಳು ಎಂದು ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತ ಆ ವರ್ಷದ ಡಿಸೆಂಬರ್‌ನಲ್ಲಿ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದ. ಊರಿನವರು ಸಭೆ ಸೇರಿದರು, ಗಂಟೆಗಟ್ಟಲೆ ಮಾತಾಡಿದರು, ತೀರ್ಮಾನವಾಗಲಿಲ್ಲ. ಕೊನೆಗೆ ಅಧಿಕಾರವಿದ್ದ ಒಬ್ಬ ತಾನೊಬ್ಬನೇ ನಿರ್ಧರಿಸಿ ಬಂಗಲ್‌ನನ್ನು ಅಳಿಸಿಹಾಕಿದ. ಮುಂದೆ ಅರ್ಜಿ, ಮತದಾನಗಳ ಏರ್ಪಾಡು ಬಂತು. ಬಂಗಲ್ ಖಳನ ಪಾತ್ರ ವಹಿಸಿದ್ದನಷ್ಟೆ ಎಂದು ವಾದಿಸಿದವರೂ ಇದ್ದರು. ನನಗೆ ಆ ವಾದ ಒಪ್ಪಿಗೆಯಿಲ್ಲ. ಖಳ ತನ್ನ ಪಾತ್ರವನ್ನು ಆಡುತ್ತಾನೆ. ಈತ ಬೇರೆಯವರ ಪಾತ್ರವನ್ನು ಕಿತ್ತುಕೊಂಡ.

ಮತ್ತೆ ಬ್ರಿಟಾನಿಯಾಕ್ಕೆ ಬರೋಣ. ದೊರೆಯ ಕೊಲೆಯಾದ ಮುಂದಿನ ತಿಂಗಳು ಆಟ ಸಾರ್ವಜನಿಕರಿಗೆ ತೆರೆಯಿತು. ದಾರಿಗಳ್ಳರ ಗುಂಪುಗಳು ಊರ ಬಾಗಿಲಾಚೆ ಕಾದು ನಿಂತು, ಆಗಷ್ಟೇ ಬಂದ ಹೊಸಬರನ್ನು ಕೊಂದು ದೋಚತೊಡಗಿದವು. ಕಂಪನಿ ಹೆಸರುಗಳಿಗೆ ಬಣ್ಣ ಬಳಿಯಿತು. ನಿರಪರಾಧಿ ನೀಲಿ, ಪುಂಡ ಬೂದು, ಐದು ಕೊಲೆ ಮಾಡಿದವನು ಕೆಂಪು. ಕೆಂಪು ಹೆಸರಿನವನನ್ನು ಯಾರು ಬೇಕಾದರೂ ಕೊಲ್ಲಬಹುದು. ಬಣ್ಣ ಬಂದ ಮೇಲೆ ಬಣ್ಣಗೇಡಿತನವೂ ಬಂತು. ನೀಲಿ ಹೆಸರಿನ ಮರೆಯಲ್ಲಿ ನಿಂತು ಅಮಾಯಕರನ್ನು ಕೆಣಕಿ ಅವರ ಕೈಯಿಂದಲೇ ಮೊದಲ ಏಟು ಹಾಕಿಸಿ, ಆಮೇಲೆ ಧರ್ಮಯುದ್ಧವೆಂಬಂತೆ ಕೊಲ್ಲುವ ಚತುರರು ಹುಟ್ಟಿಕೊಂಡರು. ಬರೆದಿಟ್ಟ ಕಾನೂನಿಗೆ ಇದು ಎಲ್ಲೆಲ್ಲೂ ಬರುವ ಕಾಯಿಲೆ.

2000ದ ಮೇ ತಿಂಗಳಲ್ಲಿ ಕಂಪನಿ ಲೋಕವನ್ನೇ ಎರಡು ಮಾಡಿತು. ಟ್ರ್ಯಾಮೆಲ್ ಎಂಬ ಹೊಸ ಲೋಕದಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಹೊಡೆಯುವಂತಿಲ್ಲ. ಫೆಲೂಕಾ ಎಂಬ ಹಳೆಯ ಲೋಕ ಹಳೆಯಂತೆಯೇ. ಹೆಚ್ಚಿನ ಜನ ಗಂಟುಮೂಟೆ ಕಟ್ಟಿ ಟ್ರ್ಯಾಮೆಲ್‌ಗೆ ಹೋದರು. ಹಳೆಯ ಲೋಕದಲ್ಲಿ ಕೊಲೆಗಾರರು ಬೇಟೆಯಿಲ್ಲದೆ ಉಳಿದರು. ಅವರ ಜೊತೆಗೆ ಇನ್ನೊಂದು ಜಾತಿಯೂ ಕೆಲಸ ಕಳೆದುಕೊಂಡಿತು: ಹೊಸಬರಿಗೆ ಕಾವಲಾಗಿ ನಿಂತು ಕೆಂಪು ಹೆಸರಿನವರನ್ನು ಬೆನ್ನಟ್ಟುತ್ತಿದ್ದ ವೀರರು. ಆಪತ್ತೇ ಇಲ್ಲದ ಊರಿನಲ್ಲಿ ಆಪದ್ಬಾಂಧವನನ್ನು ಯಾರು ಕೇಳುತ್ತಾರೆ? ಹಳಬರು ಇವತ್ತಿಗೂ ಈ ವಿಭಜನೆಯ ಬಗ್ಗೆ ಕಾದಾಡುತ್ತಾರೆ. ಹೊಸಬನಾಗಿ ಊರ ಬಾಗಿಲಲ್ಲೇ ನಾಲ್ಕು ಸಲ ಸತ್ತವನ ಪಕ್ಷವೇ ನನ್ನದು. ಆದರೆ ಹಳೆಯ ವೀರರ ದುಃಖ ಸುಳ್ಳಲ್ಲ.

ಬರೆದ ಕಾನೂನು ಒಪ್ಪಿದ್ದೆಲ್ಲ ನ್ಯಾಯವೇ ಎಂಬ ಪ್ರಶ್ನೆ ಅತ್ಯಂತ ನೋವಿನ ರೂಪದಲ್ಲಿ ಬಂದದ್ದು 2006ರ ಮಾರ್ಚಿಯಲ್ಲಿ, ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದಲ್ಲಿ. ಅಲ್ಲಿ ಅಲಯನ್ಸ್ ಮತ್ತು ಹೋರ್ಡ್ ಎಂಬ ಎರಡು ಬದ್ಧವೈರಿ ಪಕ್ಷಗಳು. ಹೋರ್ಡ್ ಕಡೆಯ ಆಟಗಾರ್ತಿಯೊಬ್ಬಳು ನಿಜವಾಗಿಯೇ ತೀರಿಕೊಂಡಳು. ಪಾರ್ಶ್ವವಾಯು. ಅವಳ ಮುಖವನ್ನೂ ಕಾಣದ ಗೆಳೆಯರು ಆಟದೊಳಗೆ ವಿಂಟರ್‌ಸ್ಪ್ರಿಂಗ್ ಎಂಬ ಹಿಮದ ನಾಡಿನ ಕೊಳವೊಂದರ ಬಳಿ ಶ್ರದ್ಧಾಂಜಲಿಗೆ ಸೇರುವುದೆಂದು ನಿಶ್ಚಯಿಸಿದರು. ದಯವಿಟ್ಟು ಕೆಡಿಸಬೇಡಿ ಎಂದು ಮೊದಲೇ ಎರಡೂ ಪಕ್ಷದವರನ್ನು ಕೇಳಿಕೊಂಡಿದ್ದರು. ಸಾಲುಗಟ್ಟಿ ನಿಂತಿದ್ದಾಗ ಅಲಯನ್ಸ್ ಕಡೆಯ ಒಂದು ದಂಡು ಗುಡ್ಡ ಇಳಿದು ನುಗ್ಗಿ ಬಂದು ಎಲ್ಲರನ್ನೂ ಕೊಂದುಹಾಕಿತು. ಅದನ್ನು ಚಿತ್ರೀಕರಿಸಿ, ಹಾಡು ಸೇರಿಸಿ ಹಂಚಿತು ಕೂಡ. ಆ ಸರ್ವರಿನಲ್ಲಿ ವೈರಿಯನ್ನು ಎಲ್ಲಿ ಕಂಡರೂ ಹೊಡೆಯಬಹುದೆಂಬುದು ನಿಯಮ. ಅವರು ಯಾವ ನಿಯಮವನ್ನೂ ಮುರಿಯಲಿಲ್ಲ. ಯುದ್ಧಭೂಮಿಯಲ್ಲಿ ಆಯುಧವಿಲ್ಲದೆ ಸೇರಿದ್ದು ಇವರದೇ ದಡ್ಡತನ ಎಂದವರೂ ಬಹಳ. ಇರಬಹುದು. ಆದರೆ ಅಂದು ನಿಂತಿದ್ದವರು ಹೋರ್ಡ್ ಸೈನಿಕರಾಗಿ ನಿಂತಿರಲಿಲ್ಲ, ಗೆಳತಿಯನ್ನು ಕಳೆದುಕೊಂಡ ಮನುಷ್ಯರಾಗಿ ನಿಂತಿದ್ದರು. ಅದು ದಾಳಿಕೋರರಿಗೆ ತಿಳಿದಿತ್ತು. ತಿಳಿದಿದ್ದರಿಂದಲೇ ಬಂದರು.

ಇನ್ನು ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಮನುಷ್ಯನ ವಿಷಯ. ಡೇವಿಡ್ ಮೈಯರ್ಸ್, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಲೊಯೋಲಾ ವಿಶ್ವವಿದ್ಯಾಲಯದಲ್ಲಿ ಸಮೂಹ ಸಂವಹನದ ಪ್ರಾಧ್ಯಾಪಕ. 2004ರಲ್ಲಿ ‘ಸಿಟಿ ಆಫ್ ಹೀರೋಸ್’ ಎಂಬ ಆಟ ಶುರುವಾಗಿತ್ತು. ಪ್ಯಾರಗಾನ್ ಎಂಬ ನಗರವನ್ನು ಕಾಯುವ ಮಹಾಶಕ್ತರ ಆಟ. ಮರುವರ್ಷ ಅದಕ್ಕೆ ಜೋಡಿಯಾಗಿ ‘ಸಿಟಿ ಆಫ್ ವಿಲನ್ಸ್’ ಬಂತು. ನಾಯಕರೂ ಖಳರೂ ಮುಖಾಮುಖಿಯಾಗಿ ಕಾದಾಡಲೆಂದೇ ರಿಕ್ಲೂಸಸ್ ವಿಕ್ಟರಿ ಎಂಬ ಒಂದು ರಣರಂಗವನ್ನು ಮಾಡಿಟ್ಟಿದ್ದರು. ಮೈಯರ್ಸ್ ಅಲ್ಲಿಗೆ ಟ್ವಿಕ್ಸ್ಟ್ ಎಂಬ ನಾಯಕನಾಗಿ ಹೋದ.

ಹೋಗಿ ನೋಡಿದರೆ ಯುದ್ಧ ನಡೆಯುತ್ತಲೇ ಇಲ್ಲ! ನಾಯಕರೂ ಖಳರೂ ಹರಟುತ್ತಿದ್ದಾರೆ. ತಮ್ಮ ಪಾಡಿಗೆ ಯಂತ್ರದ ಶತ್ರುಗಳನ್ನು ಹೊಡೆದು ಅಂಕ ಗಳಿಸುತ್ತಿದ್ದಾರೆ. ಕಾದಾಡಿದರೂ ಒಬ್ಬರಿಗೊಬ್ಬರು ಹೇಳಿಕೊಂಡು ದ್ವಂದ್ವಯುದ್ಧ. ಮೈಯರ್ಸ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಆಟದ ಪುಸ್ತಕದಲ್ಲಿ ಖಳರನ್ನು ಸೋಲಿಸು ಎಂದಿದೆ, ಸೋಲಿಸುತ್ತೇನೆ ಎಂದು ಹೊರಟ. ಟ್ವಿಕ್ಸ್ಟ್‌ಗೆ ದೂರದ ಶತ್ರುವನ್ನು ತನ್ನ ಬಳಿಗೆ ಎಳೆದುಕೊಳ್ಳುವ ಒಂದು ಶಕ್ತಿಯಿತ್ತು. ನಾಯಕರ ನೆಲೆಯಲ್ಲಿ ಕಾವಲಿಗೆ ಯಂತ್ರಗಳಿದ್ದವು. ಖಳ ಹತ್ತಿರ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟುಬಿಡುವಂಥವು. ಆ ಯಂತ್ರಗಳ ಪಕ್ಕದಲ್ಲಿ ನಿಂತು ಖಳರನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಳ್ಳತೊಡಗಿದ. ನಿಯಮದಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ.

ಖಳರು ಬೈದರು, ಅದು ಸಹಜ. ಅವನ ಪಕ್ಷದ ನಾಯಕರೂ ಬೈದರು. ಅವನ ತಂಡ ಅವನನ್ನು ಹೊರಗೆ ಹಾಕಿತು. ಕೊಲೆ ಬೆದರಿಕೆಗಳು ಬಂದವು, ಟ್ವಿಕ್ಸ್ಟ್‌ಗಲ್ಲ, ಆಡುತ್ತಿರುವ ಮನುಷ್ಯನಿಗೆ. ಮೈಯರ್ಸ್ ಇದನ್ನೆಲ್ಲ ದಾಖಲಿಸಿ 2008ರಲ್ಲಿ ಪ್ರಬಂಧ ಬರೆದ. ಮರುವರ್ಷ ನ್ಯೂ ಆರ್ಲಿಯನ್ಸಿನ ದಿನಪತ್ರಿಕೆ ಪ್ರಕಟಿಸಿದ ಮೇಲೆ ಸುದ್ದಿ ಎಲ್ಲೆಡೆ ಹಬ್ಬಿತು. ಗುಂಪಿನ ಕಟ್ಟಳೆಗಳಿಗೂ ಆಟದ ನಿಯಮಗಳಿಗೂ ಸಂಬಂಧವಿಲ್ಲ, ಆ ಕಟ್ಟಳೆಗಳು ಇರುವುದು ಗುಂಪನ್ನು ಉಳಿಸಿಕೊಳ್ಳುವುದಕ್ಕೆ ಮಾತ್ರ ಎಂಬುದು ಅವನ ಅಭಿಪ್ರಾಯದ ತಿರುಳು. ಆಟಗಾರರು ಸುಮ್ಮನಿರಲಿಲ್ಲ. ಒಪ್ಪಿಗೆ ಕೇಳದೆ ನಮ್ಮನ್ನು ಪ್ರಯೋಗದ ಇಲಿ ಮಾಡಿದ, ಆ ಯಂತ್ರದ ತಂತ್ರ ಮೊದಲಿಂದಲೂ ಎಲ್ಲರಿಗೂ ಹೇಸಿಗೆಯದು, ಈತ ಹುತಾತ್ಮನಂತೆ ಮಾತಾಡುತ್ತಾನೆ ಎಂದರು.

ನಾನು ಈ ವ್ಯಾಜ್ಯವನ್ನು ಮನಸ್ಸಿನಲ್ಲಿ ಎಷ್ಟೋ ಸಲ ನಡೆಸಿದ್ದೇನೆ. ಪ್ರಾಧ್ಯಾಪಕನ ಒಂದು ಮಾತು ಸತ್ಯ. ರಣರಂಗವೆಂದು ಹೆಸರಿಟ್ಟ ಜಾಗಕ್ಕೆ ಹೊಸಬನೊಬ್ಬ ಯುದ್ಧಕ್ಕೆಂದೇ ಬಂದರೆ, ಎಲ್ಲಿಯೂ ಬರೆದಿರದ ಕಟ್ಟಳೆಯನ್ನು ಅವನು ಹೇಗೆ ತಿಳಿಯಬೇಕು? ಬೈಗುಳ ತಿಂದೇ ಕಲಿಯಬೇಕೆಂದರೆ ಅದು ನ್ಯಾಯವಲ್ಲ, ಪಾಳೇಗಾರಿಕೆ. ಆದರೆ ಟ್ವಿಕ್ಸ್ಟ್ ಹೊಸಬನಾಗಿರಲಿಲ್ಲ. ಅವನು ಎದುರಾಳಿಯಿಂದ ಕಿತ್ತುಕೊಂಡದ್ದು ಗೆಲುವನ್ನಲ್ಲ, ಸರದಿಯನ್ನು. ಕಾದಾಡಿ ಸೋತ ಖಳ ನಾಲ್ಕು ಏಟು ಹೊಡೆದಿರುತ್ತಾನೆ, ಒಂದು ಮಾತು ಆಡಿರುತ್ತಾನೆ. ಯಂತ್ರದ ಬಾಯಿಗೆ ಎಳೆದು ಹಾಕಿದವನಿಗೆ ತಾನು ಬಂದಿದ್ದೆ ಎಂದು ಹೇಳುವಷ್ಟೂ ಹೊತ್ತು ಸಿಗುವುದಿಲ್ಲ. ಸಂಜೆ ಕೆಲಸ ಮುಗಿಸಿ ಬಂದು ತಿಂಗಳ ಚಂದಾ ಕೊಟ್ಟು ಎರಡು ಗಂಟೆ ಖಳನಾಗಿರಲು ಬಯಸಿದ ಒಬ್ಬ ಗುಮಾಸ್ತನನ್ನು ನೆನೆಸಿಕೊಳ್ಳಿ. ಇತ್ತ ಬೆದರಿಕೆ ಹಾಕಿದವರದೂ ಬೇರೆ ಬಗೆಯ ತಪ್ಪಲ್ಲ. ಹ್ಯಾಬಿಟಾಟಿನ ಆ ಗಾಬರಿಯ ಅಧಿಕಾರಿಯಂತೆ ಅವರೂ ಮುಖವಾಡವನ್ನು ಬಿಟ್ಟು ಅದರ ಹಿಂದಿದ್ದವನ ಕೊರಳಪಟ್ಟಿಗೆ ಕೈಹಾಕಿದರು. ತಂಡದಿಂದ ಹೊರಹಾಕಿದ್ದು ಸರಿ. ಕಳ್ಳ-ಪೊಲೀಸ್ ಆಡುವ ಮಕ್ಕಳೂ ಅಷ್ಟನ್ನು ಮಾಡುತ್ತಾರೆ. ಕೊಲ್ಲುತ್ತೇವೆ ಎಂದದ್ದು ಪುಂಡಾಟಿಕೆ.

ನಾಯಕನ ವೇಷದಲ್ಲಿ ಬರೆದ ನಿಯಮವನ್ನು ಅಕ್ಷರಶಃ ಪಾಲಿಸಿದ ಮನುಷ್ಯ, ಎರಡೂ ಪಕ್ಷದವರು ಕೂಡಿ ದ್ವೇಷಿಸಿದ ಆ ಊರಿನ ಒಬ್ಬನೇ ನಿಜವಾದ ಖಳನಾದ. ಇದನ್ನು ಕಟ್ಟುಕಥೆಯಾಗಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

2012ರ ಆಗಸ್ಟ್ 31ರಂದು, ಆಟದ ಒಡೆತನದ ಕೊರಿಯಾದ ಎನ್‌ಸಿಸಾಫ್ಟ್ ಕಂಪನಿ ಅಂಗಡಿ ಮುಚ್ಚುವುದಾಗಿ ಪ್ರಕಟಿಸಿತು. ಮುಂದಿನ ತಿಂಗಳು ಪ್ಯಾರಗಾನ್ ನಗರದ ಅಟ್ಲಾಸ್ ಪಾರ್ಕ್ ಎಂಬ ಚೌಕದಲ್ಲಿ ಆಟಗಾರರು ಕೈಯಲ್ಲಿ ಪಂಜು ಹಿಡಿದು ಸೇರಿದರು. ಪಾತ್ರ ವಹಿಸಿ ಕಥೆ ಕಟ್ಟುವವರು ಹೆಚ್ಚಾಗಿದ್ದ ವರ್ಚ್ಯೂ ಎಂಬ ಸರ್ವರಿನಲ್ಲಿ ಚೌಕ ತುಂಬಿ, ಯಂತ್ರ ಅದೇ ಚೌಕದ ಇನ್ನೊಂದು ಪ್ರತಿ ತೆರೆದು, ಅದೂ ತುಂಬಿ, ಮತ್ತೊಂದು ತೆರೆಯುತ್ತ ಹೋಯಿತು. ನವೆಂಬರ್ 30ರಂದು ದೀಪ ಆರಿತು.

ಆಟದ ಪ್ರೋಗ್ರಾಮನ್ನು ಕೆಲವರು ಗುಟ್ಟಾಗಿ ಜೀವಂತ ಇಟ್ಟುಕೊಂಡಿದ್ದರೆಂಬುದು 2019ರಲ್ಲಿ ಬಯಲಾಯಿತು. ಮೊದಲು ಹೊರಗಿದ್ದವರ ಸಿಟ್ಟು, ಆಮೇಲೆ ಸಂಭ್ರಮ. ಅದರಿಂದ ಹುಟ್ಟಿದ ‘ಹೋಮ್‌ಕಮಿಂಗ್’ ಎಂಬ ಅಭಿಮಾನಿಗಳ ಗುಂಪಿಗೆ 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಅಧಿಕೃತ ಪರವಾನಗಿ ಕೊಟ್ಟಿತು. ಅಟ್ಲಾಸ್ ಪಾರ್ಕ್ ಮತ್ತೆ ತೆರೆದಿದೆ. ರಿಕ್ಲೂಸಸ್ ವಿಕ್ಟರಿಯೂ ಇದೆ.